ನೀರಿಗೆ ದಾರಿ, ಮಣ್ಣಿಗೆ ಆಯಸ್ಸು

(ಬಾಗಲಕೋಟೆ ಸೀಮೆಯ ಮಣ್ಣಿನ ಮನೆಗಳನ್ನು ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಶಾಸನ, ರಂಗಭೂಮಿ ಇಂಥ ವಿಷಯಗಳನ್ನು ನಿರೀಕ್ಷಿಸುವುದು ವಾಡಿಕೆ. ಈ ಸಲ ಸಂಘಟಕರು ಮನೆ ಕಟ್ಟುವ ಮಣ್ಣಿನ ಬಗ್ಗೆ ಮಾತಾಡಿರಿ ಎಂದರು. ವಿಷಯ ಹೊಸದಾದರೂ ಸಭೆಗೆ ಅಪರಿಚಿತವಲ್ಲ. ಇಲ್ಲಿ ಕುಳಿತವರಲ್ಲಿ ಐವತ್ತು ದಾಟಿದ ಅನೇಕರು ಹುಟ್ಟಿದ್ದು ಮೇಲ್ಮುದ್ದೆ ಮನೆಯಲ್ಲಿ, ಅಂದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಈಗ ಮಲಗುವುದು ಆರ್‌ಸಿಸಿ ಸ್ಲ್ಯಾಬಿನ ಕೆಳಗೆ. ಏಪ್ರಿಲ್ ತಿಂಗಳ ರಾತ್ರಿ ಹನ್ನೊಂದಕ್ಕೆ ಎರಡರ ವ್ಯತ್ಯಾಸವೇನು ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಮಣ್ಣಿನ ಮನೆಯ ಬಗ್ಗೆ ನಮ್ಮಲ್ಲಿ ಎರಡು ಮಾತು ನಡೆಯುತ್ತವೆ. ತಂಪು, ಆರೋಗ್ಯಕ್ಕೆ ಹಿತ, ಹಿರಿಯರು ಬುದ್ಧಿವಂತರು ಎನ್ನುವವರು ಕೆಲವರು. 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ, 2019ರ ಆಗಸ್ಟ್ ಪ್ರವಾಹದಲ್ಲಿ ಓಣಿಗೆ ಓಣಿಯೇ ಕುಸಿದದ್ದನ್ನು ಕಂಡು, ಇನ್ನು ಮಣ್ಣಿನ ಸಹವಾಸ ಸಾಕು ಎಂದವರು ಕೆಲವರು. ಎರಡೂ ಅನುಭವದ ಮಾತೇ. ನಾನು ಇಂದು ಹೇಳಹೊರಟದ್ದು ಇವೆರಡನ್ನೂ ಒಟ್ಟಿಗೆ ಹಿಡಿಯುವ ಒಂದು ಸಂಗತಿ: ಮಣ್ಣಿನ ಮನೆಯ ಆಯಸ್ಸನ್ನೂ ಅದರೊಳಗೆ ಬಾಳುವವರ ಆರೋಗ್ಯವನ್ನೂ ನಿರ್ಧರಿಸುವುದು ನೀರು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂಬ ಲೆಕ್ಕ ಸರಿಯಿದ್ದಷ್ಟು ಕಾಲ ಈ ಮನೆಗಳು ನಿಂತವು. ಆ ಲೆಕ್ಕ ಕೆಡಿಸಿದ್ದು ಮಳೆರಾಯನೊಬ್ಬನೇ ಅಲ್ಲ.

ನಾಲ್ಕು ಬಗೆಯ ಮಣ್ಣು, ನಾಲ್ಕು ಕೆಲಸ

ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಮೂರೂ ಇರುತ್ತವೆ. ಮರಳು ಗಟ್ಟಿತನ ಕೊಡುತ್ತದೆ, ಜೇಡಿ ಅಂಟಿಸುತ್ತದೆ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವ ತಾಯಂದಿರಿಗೆ ಇದು ಗೊತ್ತಿರುವ ವಿಷಯ: ಜಿಗಿ ಸಾಲದಿದ್ದರೆ ರೊಟ್ಟಿಯ ಅಂಚು ಒಡೆಯುತ್ತದೆ. ಮಣ್ಣಿಗೂ ಅದೇ ನ್ಯಾಯ. ಆದರೆ ಜೇಡಿ ಹೆಚ್ಚಾದರೆ ಇನ್ನೊಂದು ತೊಂದರೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಗೋಡೆ ತಾನಾಗಿಯೇ ಸೀಳುತ್ತದೆ.

ನಮ್ಮ ಸೀಮೆಯ ಮಣ್ಣುಗಳು ಈ ವಿಷಯದಲ್ಲಿ ಒಂದೊಂದೂ ಒಂದೊಂದು ಸ್ವಭಾವದವು. ಹುನಗುಂದದ ಕಡೆ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಮುಚ್ಚಿಕೊಳ್ಳುವ ಮಣ್ಣು. ಅದರಲ್ಲಿರುವುದು ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ; ಅದರ ಪದರುಗಳ ನಡುವೆ ನೀರು ಸೇರಿದರೆ ಮಣ್ಣೇ ಮೇಲೇಳುತ್ತದೆ. ಜೋಳ, ಕಡಲೆಗೆ ಇದಕ್ಕಿಂತ ಒಳ್ಳೆಯ ನೆಲ ಬೇರೆ ಬೇಡ, ಗೋಡೆಗೆ ಮಾತ್ರ ಒಬ್ಬಂಟಿಯಾಗಿ ಇದನ್ನು ನಂಬುವಂತಿಲ್ಲ. ಅದಕ್ಕೇ ಎರಿ ನೆಲದಲ್ಲಿ ಮನೆ ಕಟ್ಟುವವರು ಗರಸು ಸಿಗುವ ತನಕ ಪಾಯ ತೋಡುತ್ತಿದ್ದರು.

ಬಾದಾಮಿಯ ಗುಡ್ಡಗಳ ಬುಡದಲ್ಲಿ ಮಸಾರಿ. ಮರಳುಗಲ್ಲು ಸವೆದು ಆದ ಕೆಂಪು ನೆಲ. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಕೆವೊಲಿನೈಟ್ ಜಾತಿಯ ಜೇಡಿ ಹೆಚ್ಚು. ಅದು ಅಷ್ಟಾಗಿ ಉಬ್ಬುವುದಿಲ್ಲ. ಗೋಡೆಯ ಅರಲಿಗೆ, ಹಸಿ ಇಟ್ಟಂಗಿಗೆ ಇದು ತಕ್ಕ ಮಣ್ಣು. ಮೂರನೆಯದು ಹಾಳ ಮಣ್ಣು, ಅಂದರೆ ಹಾಳೂರಿನ ದಿಬ್ಬದಿಂದ, ಬಿದ್ದ ಮನೆಗಳ ರಾಶಿಯಿಂದ ತಂದದ್ದು. ತಲೆತಲಾಂತರದ ಬೂದಿ, ಸುಣ್ಣ, ಸಗಣಿ ಅದರಲ್ಲಿ ಬೆರೆತು ಹದಗೊಂಡಿರುತ್ತವೆ, ಬಿರುಕು ಕಡಿಮೆ. ಮನೆ ಬಿದ್ದರೆ ಅದರ ಮಣ್ಣೇ ಮುಂದಿನ ಮನೆಗೆ. ಹೀಗೆ ದಿಬ್ಬಗಳನ್ನು ಅಗೆದು ಅಗೆದು ಎಷ್ಟೋ ಪ್ರಾಚೀನ ನೆಲೆಗಳು ಹಾಳಾದವು ಎಂಬ ಪುರಾತತ್ವದವರ ದೂರೂ ನ್ಯಾಯವಾದದ್ದೇ.

ನಾಲ್ಕನೆಯದು ಸವಳು. ಹೊಲಕ್ಕೆ ಇದು ರೋಗ. ಬೀಜ ಮೊಳೆಯುವುದಿಲ್ಲ, ನೀರು ಇಂಗುವುದಿಲ್ಲ. ಕಾಲುವೆ ನೀರು ಬಂದ ಮೇಲೆ ಸವಳಾದ ಜಮೀನಿನ ಗೋಳು ಕೃಷ್ಣಾ ತೀರದ ರೈತರಿಗೆ ಗೊತ್ತು. ಸೋಡಿಯಂ ಹೆಚ್ಚಿರುವ ಈ ಮಣ್ಣು ಒದ್ದೆಯಾದರೆ ಜೇಡಿಯ ಕಣಗಳು ಚದುರಿ ಸಣ್ಣಸಣ್ಣ ರಂಧ್ರಗಳಿಗೆ ಬಿರಡೆ ಹಾಕುತ್ತವೆ, ಮೇಲಿನ ನೀರು ಕೆಳಗಿಳಿಯದೆ ಜಾರಿ ಹೋಗುತ್ತದೆ. ಹೊಲದಲ್ಲಿ ಶಾಪವಾದ ಈ ಎರಡು ಗುಣ, ನೀರು ಇಂಗದಿರುವುದು ಮತ್ತು ಹುಲ್ಲು ಹುಟ್ಟದಿರುವುದು, ಮಾಳಿಗೆಯ ಮೇಲೆ ವರವಾದವು. ರಸಾಯನಶಾಸ್ತ್ರದ ಪುಸ್ತಕ ಓದದ ರೈತ ಹೊಲದಲ್ಲಿ ಬೇಡವಾದ ಮಣ್ಣನ್ನು ಬಂಡಿಯಲ್ಲಿ ತಂದು ನೆತ್ತಿಯ ಮೇಲೆ ಹರವಿಕೊಂಡ. ಇಡೀ ಮನೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ಕೆಲಸ ಇದು.

ಮಾಳಿಗೆಯ ಒಳಹೊಕ್ಕು

ಒಂದು ಮಾಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ. ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳಿಗೆ ಅಡ್ಡಲಾಗಿ ಜಂತಿ. ಜಂತಿಗಳ ಮೇಲೆ ಉಳ್ಳವರ ಮನೆಯಲ್ಲಿ ಹಲಗೆ, ಇಲ್ಲದವರಲ್ಲಿ ಒತ್ತೊತ್ತಾಗಿ ಜೋಡಿಸಿದ ಕಟ್ಟಿಗೆ. ಅದರ ಮೇಲೆ ಬೇವು, ಲಕ್ಕಿ, ಬಂದರಿಕೆ ಹೀಗೆ ಆಯಾ ಊರಿನಲ್ಲಿ ಸಿಗುವ ತಪ್ಪಲಿನ ಹಾಸು. ತಪ್ಪಲಿನ ಮೇಲೆ ತುಳಿದು ಹದ ಮಾಡಿದ ಮಣ್ಣು, ಅದರ ಮೇಲೆ ಒಣ ಮಣ್ಣು, ಎಲ್ಲಕ್ಕೂ ಮೇಲೆ ಸವಳಿನ ಹೊದಿಕೆ. ಒಟ್ಟು ದಪ್ಪ ಒಂದಡಿ, ಕೆಲವೆಡೆ ಇನ್ನೂ ಹೆಚ್ಚು. ಕಣ್ಣಿಗೆ ಸಮತಟ್ಟಾಗಿ ಕಂಡರೂ ಒಂದು ಕಡೆಗೆ ಸಣ್ಣ ಇಳಿಜಾರು. ಅಲ್ಲಿ ನೀರನ್ನು ಹೊರಹಾಕುವ ಒಂದು ಹರನಾಳಿಗೆ ಗೋಡೆಯಿಂದಾಚೆಗೆ ಚಾಚಿಕೊಂಡಿರುತ್ತದೆ. ಅದು ಎಷ್ಟು ಮುಂದಕ್ಕೆ ಚಾಚಿದೆಯೋ ಗೋಡೆಯ ಬುಡ ಅಷ್ಟು ಸುರಕ್ಷಿತ. ನಡುಮನೆಯ ನೆತ್ತಿಯಲ್ಲಿ ಬೆಳಕಿಂಡಿ: ಹಗಲು ಬೆಳಕು ಬೀಳಲು, ಬಿಸಿ ಗಾಳಿ ಮೇಲೇರಲು. ಮಳೆ ಬಂದರೆ ಯಾರಾದರೂ ಓಡಿಹೋಗಿ ಮುಚ್ಚಬೇಕು.

ಈ ಮಾಳಿಗೆಯ ಭಾರ ಎಷ್ಟು? ತುಳಿದ ಮಣ್ಣು ಒಂದು ಘನ ಮೀಟರಿಗೆ 1600ರಿಂದ 1800 ಕಿಲೊ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಅಂಕಣದ ಮೇಲೆ ಒಂದಡಿ ಮಣ್ಣಿದ್ದರೆ ನಾಲ್ಕೂವರೆಯಿಂದ ಐದು ಟನ್ನಿನ ಆಸುಪಾಸು. ನಾಲ್ಕು ಇಂಚಿನ ಆರ್‌ಸಿಸಿ ಸ್ಲ್ಯಾಬಿನ ಸುಮಾರು ಎರಡು ಪಟ್ಟು. ಆದ್ದರಿಂದಲೇ ಬಲ್ಲವರು ಈ ಭಾರವನ್ನು ಮರದ ಕಂಬಗಳಿಗೆ ಹೊರಿಸಿದರು. ಗೋಡೆಯ ಪಾಲಿಗೆ ಬಿಸಿಲು, ಗಾಳಿ, ಕಳ್ಳಕಾಕರನ್ನು ತಡೆಯುವ ಕೆಲಸ ಉಳಿಯಿತು.

ಐಹೊಳೆಯ ಲಾಡಖಾನ ಗುಡಿಯನ್ನು ನೀವೆಲ್ಲ ನೋಡಿದ್ದೀರಿ. ಅದರ ಚಾವಣಿಯ ಚಪ್ಪಡಿಗಳು ಕೂಡುವ ಕಡೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ, ಸಂದಿಯಲ್ಲಿ ನೀರು ಇಳಿಯದಂತೆ. ಮರದ ದಿಮ್ಮಿಗಳ ರೂಪ ಅದರಲ್ಲಿದೆ. ಮರದ ಕಟ್ಟಡಗಳ ಕಟ್ಟುವಿಕೆಯನ್ನು ಚಾಲುಕ್ಯರ ಶಿಲ್ಪಿಗಳು ಕಲ್ಲಿಗೆ ತಂದರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೇವರ ಮನೆಗೂ ಒಕ್ಕಲಿಗನ ಮನೆಗೂ ಚಿಂತೆ ಒಂದೇ ಆಗಿತ್ತು: ಮೇಲಿನ ನೀರನ್ನು ಆಚೆಗೆ ಸಾಗಹಾಕುವುದು ಹೇಗೆ.

ತಂಪು, ತೇವ, ಉಸಿರು

ಆರೋಗ್ಯದ ಮಾತಿಗೆ ಬರೋಣ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಹಗಲು ರಾತ್ರಿಗಳ ನಡುವೆ ಅಂತರ ದೊಡ್ಡದು. ಇಂಥ ಹವೆಗೆ ದಪ್ಪ ಮಣ್ಣು ಹೇಳಿ ಮಾಡಿಸಿದ್ದು. ಮಧ್ಯಾಹ್ನದ ಕಾವು ಒಂದಡಿ ಮಣ್ಣನ್ನು ದಾಟಿ ಒಳಬರಲು ಅನೇಕ ತಾಸು ಬೇಕು. ಅಷ್ಟರಲ್ಲಿ ಹೊರಗೆ ತಂಪು ಬಿದ್ದಿರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬು ಸಂಜೆಗೇ ಕಾದು, ನಾವು ಮಲಗುವ ಹೊತ್ತಿಗೆ ಕೆಳಗಿನವರ ಮೇಲೆ ಶಾಖ ಸುರಿಯುತ್ತದೆ. ನಿದ್ದೆಗೆಟ್ಟ ಮುದುಕರು, ಬೆವರುಸಾಲೆ ಎದ್ದ ಕೂಸುಗಳು, ಏರುವ ಕರೆಂಟು ಬಿಲ್ಲು ಎಲ್ಲವೂ ಅದರ ಫಲ.

ಎರಡನೆಯದು ತೇವ. ಸುಡದ ಜೇಡಿಮಣ್ಣು ಗಾಳಿಯಲ್ಲಿ ತೇವ ಹೆಚ್ಚಾದಾಗ ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದಲ್ಲಿ ಗೆರ್ನಾಟ್ ಮಿಂಕೆ ಈ ಬಗ್ಗೆ ದೀರ್ಘಕಾಲ ಪ್ರಯೋಗ ನಡೆಸಿ, ಸುಟ್ಟ ಇಟ್ಟಿಗೆಗಿಂತ ಹಸಿ ಇಟ್ಟಿಗೆ ಎಷ್ಟೋ ಪಟ್ಟು ಹೆಚ್ಚು ತೇವವನ್ನು ಹೀಗೆ ಕೊಟ್ಟು ಪಡೆಯುತ್ತದೆ ಎಂದು ತೋರಿಸಿದರು. ಕೋಣೆಯ ಗಾಳಿ ತೀರ ಒಣಗಿದರೆ ಗಂಟಲು, ಮೂಗು ಕೆರೆಯುತ್ತವೆ. ತೀರ ಒದ್ದೆಯಾದರೆ ಗೋಡೆಗೆ ಬೂಷ್ಟು ಹಿಡಿದು ಉಬ್ಬಸದವರಿಗೆ ಕಷ್ಟ. ಮಣ್ಣಿನ ಗೋಡೆ ಇವೆರಡರ ನಡುವೆ ಕೋಣೆಯನ್ನು ಹಿಡಿದಿಡುತ್ತದೆ.

ಇದರ ಬೆಲೆ ಇಳಕಲ್ಲಿನ ನೇಕಾರರಿಗೆ ಚೆನ್ನಾಗಿ ಗೊತ್ತು. ಕುಣಿ ಮಗ್ಗದಲ್ಲಿ ನೇಕಾರ ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಕೂರುತ್ತಾನೆ. ಹಾಸಿನ ಎಳೆಗಳು ನೆಲಕ್ಕೆ ಹತ್ತಿರವಾಗಿ ಸಾಗುತ್ತವೆ. ಹತ್ತಿಯ ನೂಲಿಗೆ ತುಸು ತೇವವಿದ್ದರೆ ಬಲ ಹೆಚ್ಚು. ಒಣ ಹವೆಯಲ್ಲಿ ಪಟಪಟನೆ ಹರಿಯುತ್ತದೆ. ಸಾರಿಸಿದ ಮಣ್ಣಿನ ನೆಲ, ಮಣ್ಣಿನ ಗೋಡೆ, ದಪ್ಪ ಮಾಳಿಗೆ ಮೂರೂ ಸೇರಿ ಬೇಸಿಗೆಯಲ್ಲೂ ಎಳೆಗೆ ಬೇಕಾದ ತೇವವನ್ನು ಉಳಿಸಿದವು. ಟೋಪ್ ತೆನೆ ಸೆರಗಿನ ಇಳಕಲ್ ಸೀರೆ ಹುಟ್ಟಿದ್ದು ಇಂಥ ಮನೆಗಳಲ್ಲಿ. ತಗಡಿನ ಸೂರಿನ ಕೆಳಗೆ ಅದೇ ಮಗ್ಗ ಇಟ್ಟು ನೋಡಿದರೆ ಮಣ್ಣು ಮಾಡುತ್ತಿದ್ದ ಕೂಲಿಯಿಲ್ಲದ ಕೆಲಸ ತಿಳಿಯುತ್ತದೆ.

ಆದರೆ ಹೊಗಳಿಕೆಯಲ್ಲೇ ನಿಲ್ಲುವುದು ಸರಿಯಲ್ಲ. ನಮ್ಮ ಹಳೆಯ ಮನೆಗಳಲ್ಲಿ ಕಿಟಕಿಯೇ ಕಡಿಮೆ. ಒಲೆಯ ಹೊಗೆ ಅಡಿಗೆಮನೆಯಲ್ಲೇ ಸುತ್ತಿ ತೊಲೆಗೆ ಕಪ್ಪು ಹಿಡಿಸಿತು. ತೊಲೆಗೆ ಹುಳ ಹತ್ತಲಿಲ್ಲ ನಿಜ, ಹೆಣ್ಣುಮಕ್ಕಳ ಶ್ವಾಸಕೋಶಕ್ಕೆ ಹತ್ತಿತು. ದನ, ಜನ ಒಂದೇ ಬಾಗಿಲಿನಲ್ಲಿ ಓಡಾಡಿದರು. ನಿಗಾ ತಪ್ಪಿದ ಗೋಡೆಯ ಬಿರುಕಿನಲ್ಲಿ ಇಲಿ, ಚೇಳು ಸೇರಿದವು. ಬಿಹಾರದಲ್ಲಿ ಕಾಲಾ ಅಜಾರ್ ಹರಡುವ ಮರಳುನೊಣಕ್ಕೆ ಮಣ್ಣಿನ ಗೋಡೆಯ ಒದ್ದೆ ಬಿರುಕೇ ಆಸರೆ. ಹೀಗಾಗಿ ಮಣ್ಣು ಇದ್ದ ಮಾತ್ರಕ್ಕೆ ಮನೆ ಆರೋಗ್ಯಕರವಾಗುವುದಿಲ್ಲ. ಬಿರುಕಿಲ್ಲದ ಗಿಲಾವು, ಗಾಳಿಯಾಡುವ ಕಿಟಕಿ, ಹೊಗೆ ಹೋಗುವ ದಾರಿ, ಬೇರೆ ಕೊಟ್ಟಿಗೆ ಇವೆಲ್ಲ ಸೇರಿದಾಗಲೇ ಆ ಮಾತಿಗೆ ಅರ್ಥ.

ಮನೆಗಳು ಬಿದ್ದದ್ದೇಕೆ?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತು. ಕಲ್ಲಿನ ಗುಡಿಗಳು ನಿಂತವು. ನದೀತೀರದ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಒಣ ಮಣ್ಣು ಭಾರ ಹೊರುತ್ತದೆ, ನೆನೆದ ಮಣ್ಣು ಹೊರುವುದಿಲ್ಲ. ಗೋಡೆಯ ಬುಡ ದಿನಗಟ್ಟಲೆ ನೀರಿನಲ್ಲಿ ನಿಂತರೆ ಯಾವ ಕುಶಲತೆಯೂ ಅದನ್ನು ಉಳಿಸದು. ಹೊಳೆಯ ನೀರು ಬರುವ ಜಾಗದಲ್ಲಿ ಮಣ್ಣಿನ ಗೋಡೆ ಕಟ್ಟಬಾರದು. ಈ ಮಾತಿನಲ್ಲಿ ರಾಜಿಯಿಲ್ಲ.

ಇನ್ನೊಂದು ಎಚ್ಚರ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯದು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ನಮ್ಮಂಥದೇ ಮನೆಗಳ ಕೆಳಗೆ: ಮಣ್ಣಿನ ಅರಲಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಭಾರದ ಮಾಳಿಗೆ. ಗೋಡೆಯ ಒಳಮುಖ, ಹೊರಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳಿಲ್ಲದೆ ಗೋಡೆ ಎರಡಾಗಿ ಸೀಳಿತು. ಮರದ ಚೌಕಟ್ಟು ಗಟ್ಟಿಯಿದ್ದ ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತ ಉದಾಹರಣೆಗಳೂ ಅಲ್ಲಿದ್ದವು.

ಇವು ದೊಡ್ಡ ವಿಪತ್ತುಗಳು. ಹೊಳೆಯೂ ಬರದ, ಭೂಮಿಯೂ ನಡುಗದ ಊರುಗಳಲ್ಲಿ ಪ್ರತಿ ಮಳೆಗಾಲಕ್ಕೆ ಒಂದೆರಡು ಮನೆ ಬೀಳುತ್ತವಲ್ಲ, ಅವುಗಳ ಕಾರಣ ಬೇರೆ. ಬಿದ್ದ ಗೋಡೆಯ ಬುಡಕ್ಕೆ ಹೋಗಿ ನೋಡಿದರೆ ನಾಲ್ಕು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ.

ಮೊದಲನೆಯದು ಓಣಿಯ ಸಿಸಿ ರಸ್ತೆ. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೇ ಹೊಸ ಕಾಂಕ್ರೀಟು ಸುರಿಯುತ್ತ ಹೋದರೆ ಒಂದು ದಿನ ರಸ್ತೆ ಹೊಸ್ತಿಲಿಗಿಂತ ಎತ್ತರವಾಗುತ್ತದೆ. ಓಣಿಯ ಮಳೆನೀರೆಲ್ಲ ಗೋಡೆಯ ಬುಡಕ್ಕೆ. ನೂರು ವರ್ಷ ನಿಂತ ಗೋಡೆ ನಾಲ್ಕು ಮಳೆಗಾಲದಲ್ಲಿ ಕುಳಿತುಬಿಡುತ್ತದೆ.

ಎರಡನೆಯದು ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು. ಗಟ್ಟಿಯಾಗಲಿ ಎಂದೇ ಮಾಡಿಸುತ್ತಾರೆ. ಮಣ್ಣು ತೇವಕ್ಕೆ ತಕ್ಕಂತೆ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಜಗ್ಗುವುದಿಲ್ಲ. ನಡುವೆ ಸಂದಿ ಬೀಳುತ್ತದೆ. ಬಿರುಕಿನಿಂದ ಒಳಹೋದ ಮಳೆನೀರು, ನೆಲದಿಂದ ಮೇಲೇರಿದ ತೇವ ಎರಡೂ ಹೊರಗೆ ಆರಲಾಗದೆ ಒಳಗೇ ಉಳಿಯುತ್ತವೆ. ಹೊರಗೆ ನೀಟಾದ ಬಣ್ಣ, ಒಳಗೆ ರಾಡಿ. ಒಂದು ದಿನ ಗಿಲಾವು ಗೋಡೆಯ ಸಿಪ್ಪೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಮಣ್ಣಿಗೆ ಮಣ್ಣಿನ ಗಿಲಾವು, ಮೇಲೆ ಸುಣ್ಣ: ತೇವ ಆಚೆ ಹೋಗಲು ಬಿಡುವ ಹೊದಿಕೆ ಇದು. ಕಲಾದಗಿ, ಲೋಕಾಪುರದ ಕಡೆ ಸುಣ್ಣದ ಕಲ್ಲಿಗೇನು ಬರವಿಲ್ಲ.

ಮೂರನೆಯದು ನೆಲ. ಸಾರಿಸಿದ ಮಣ್ಣಿನ ನೆಲದಿಂದ ಭೂಮಿಯ ತೇವ ಹರಡಿಕೊಂಡು ಆರುತ್ತಿತ್ತು. ಅದರ ಮೇಲೆ ಇಳಕಲ್ಲಿನ ಗ್ರಾನೈಟನ್ನೋ ಟೈಲ್ಸನ್ನೋ ಕೂರಿಸಿದರೆ ತೇವಕ್ಕೆ ಉಳಿಯುವ ದಾರಿ ಗೋಡೆಯೊಂದೇ. ಹೊಸ ನೆಲ ಹಾಕಿಸಿದ ಮೇಲೆ ಗೋಡೆ ಮೊಣಕಾಲೆತ್ತರಕ್ಕೆ ಉದುರತೊಡಗಿತು ಎಂದು ದೂರುವವರು ನೆಲ, ಗೋಡೆಗಳ ಈ ಸಂಬಂಧವನ್ನು ಗಮನಿಸಬೇಕು.

ನಾಲ್ಕನೆಯದು ಮಾಳಿಗೆಯ ಆರೈಕೆ. ಮುಂಗಾರಿಗೆ ಮೊದಲು ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಇಲಿಯ ಬಿಲ ಮುಚ್ಚಿ, ಸವಳು ಹರವಿ ಹರನಾಳಿಗೆ ಬಿಡಿಸುವುದು ಮನೆಯವರದೇ ಕೆಲಸವಾಗಿತ್ತು. ಮಕ್ಕಳು ಬೆಂಗಳೂರು, ಪುಣೆ, ಗೋವೆಗೆ ದುಡಿಯಲು ಹೋದ ಮೇಲೆ ಹತ್ತುವವರಿಲ್ಲ. ಹತ್ತಿದವರೂ ಹಳೆಯ ಪದರು ಕೆರೆದು ತೆಗೆಯದೆ ಹೊಸ ಮಣ್ಣು ಸುರಿದರೆ ವರ್ಷವರ್ಷಕ್ಕೂ ಭಾರ ಏರುತ್ತದೆ. ಜಂತಿ ಬಾಗಿದ ಕಡೆ ನೀರು ನಿಲ್ಲುತ್ತದೆ, ನಿಂತ ನೀರು ಭಾರವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ 1907ರಲ್ಲಿ ಕಟ್ಟಿದ ದೊಡ್ಡ ಮಣ್ಣಿನ ಮಸೀದಿ ಇದೆ. ಪ್ರತಿವರ್ಷ ಊರೆಲ್ಲ ಸೇರಿ ಹಬ್ಬ ಮಾಡಿ ಅದಕ್ಕೆ ಹೊಸ ಗಿಲಾವು ಕೊಡುತ್ತಾರೆ. ಅದೂ ಮಣ್ಣೇ, ನಮ್ಮದೂ ಮಣ್ಣೇ. ವ್ಯತ್ಯಾಸ ಇರುವುದು ವರ್ಷಕ್ಕೊಮ್ಮೆ ಮೇಲೆ ಹತ್ತುವ ಕಾಲುಗಳಲ್ಲಿ.

ಇನ್ನು ಮುಂದೆ

ಹಾಗಾದರೆ ಎಲ್ಲರೂ ಮೇಲ್ಮುದ್ದೆ ಮನೆಗೆ ಮರಳಬೇಕೆ? ಆ ಸಲಹೆ ನಾನು ಕೊಡಲಾರೆ. ಒಂದು ಅಂಕಣಕ್ಕೆ ಬೇಕಾಗುವ ತೇಗವನ್ನೋ ಬೇವನ್ನೋ ಇಂದು ಕೊಳ್ಳಬಲ್ಲವರು ಕಡಿಮೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿ, ನವನಗರದಲ್ಲಿ ಬಾಳು ಕಟ್ಟಿಕೊಂಡವರಿಗೆ ಚಿಕ್ಕ ನಿವೇಶನದಲ್ಲಿ ಎರಡಡಿ ದಪ್ಪದ ಗೋಡೆಗೆ ಜಾಗವೂ ಇಲ್ಲ. ಆದರೆ ಮಣ್ಣಿನ ಗುಣ ಉಳಿಸಿಕೊಂಡು ಅದರ ದೌರ್ಬಲ್ಯ ಕಳೆಯುವ ದಾರಿಗಳಿವೆ. ಮೊದಲ ಮಾತು ಒತ್ತಿದ ಮಣ್ಣಿನ ಬ್ಲಾಕುಗಳದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಶುರುವಾಯಿತು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಬ್ಲಾಕುಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಇದಕ್ಕೆ ಭಟ್ಟಿ ಬೇಡ, ಸೌದೆ ಬೇಡ, ನೀರಿಗೆ ಕರಗುವುದೂ ಇಲ್ಲ. ಬೆಂಗಳೂರಿನಲ್ಲಿ ಇಂಥ ಮನೆಗಳು ಬಹಳ ಎದ್ದಿವೆ. ಇದಕ್ಕೆ ಜೇಡಿ ಶೇಕಡ 10ರಿಂದ 15 ಇರುವ ಮಣ್ಣು ಚೆನ್ನ. ಎರಿ ಮಣ್ಣಾದರೆ ಮರಳು ಬೆರೆಸಬೇಕು, ಸಿಮೆಂಟಿಗಿಂತ ಸುಣ್ಣಕ್ಕೆ ಅದು ಹೆಚ್ಚು ಒಗ್ಗುತ್ತದೆ.

ನಿಮ್ಮ ಮಣ್ಣಿನಲ್ಲಿ ಜೇಡಿ ಎಷ್ಟು ಎಂದು ಅಂದಾಜು ಮಾಡಲು ಪ್ರಯೋಗಾಲಯವೇ ಬೇಕಿಲ್ಲ. ನೇರ ಗೋಡೆಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಅಲುಗಿಸಿ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ ಕೆಲವು ತಾಸಿನಲ್ಲಿ ಕೂರುತ್ತದೆ, ಜೇಡಿ ಮರುದಿನಕ್ಕೆ. ಮೂರು ಪದರುಗಳನ್ನು ಸ್ಕೇಲು ಹಿಡಿದು ಅಳೆದರೆ ಮಣ್ಣಿನ ಜಾತಕ ಕೈಗೆ ಬರುತ್ತದೆ. ದೊಡ್ಡ ಕೆಲಸಕ್ಕೆ ಕೈಹಾಕುವ ಮುನ್ನ ಪಕ್ಕಾ ಪರೀಕ್ಷೆ ಬೇಕೇ ಬೇಕು. ಬಾಗಲಕೋಟೆಯಲ್ಲೇ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ. ಬಾದಾಮಿಯ ಮಸಾರಿ, ಹುನಗುಂದದ ಎರಿ, ಹೊಳೆದಂಡೆಯ ರೇವೆ ಹೀಗೆ ಊರೂರಿನ ಮಣ್ಣನ್ನು ವಿದ್ಯಾರ್ಥಿಗಳು ಪರೀಕ್ಷಿಸಿ, ಯಾವುದಕ್ಕೆ ಏನು ಬೆರೆಸಬೇಕು ಎಂಬ ಒಂದು ಕನ್ನಡದ ಕೈಪಿಡಿ ಮಾಡಿದರೆ ಅದು ಗೌಂಡಿಗಳ ಕಿಸೆಯಲ್ಲಿರುತ್ತದೆ.

ಎರಡನೆಯ ಮಾತು ಸರ್ಕಾರಕ್ಕೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಂಥ ಗ್ರಾಮೀಣ ವಸತಿ ಯೋಜನೆಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇದ್ದರೆ ಅದು ಕಚ್ಚಾ ಮನೆಯೆಂದು ಲೆಕ್ಕ. ಹೊಸದು ಕಟ್ಟಲು ಹಣ ಸಿಗುತ್ತದೆ. ಗಟ್ಟಿಯಾದ ತೊಲೆಕಂಬಗಳ, ಎರಡು ತಲೆಮಾರು ಬಾಳಿದ ಮನೆಯನ್ನು ಕೆಡವಿ ಬೇಸಿಗೆಯಲ್ಲಿ ಮಲಗಲಾಗದ ಒಂದು ಕೋಣೆ ಕಟ್ಟಿಕೊಳ್ಳುವುದು ಹೀಗೆಯೇ. ಹೊಳೆಯ ನೀರು ತಲುಪದ ಊರುಗಳಲ್ಲಿ ದುರಸ್ತಿಗೂ ಅನುದಾನ ಸಿಗಲಿ: ಎರಡಡಿ ಕಲ್ಲಿನ ಬುಡ, ಗೋಡೆಗೆ ಹಾಯುವ ಉದ್ದ ಕಲ್ಲು, ಹಗುರಾದ ಹೊಸ ಚಾವಣಿ, ಸುಣ್ಣದ ಗಿಲಾವು, ಒಂದೆರಡು ಕಿಟಕಿ, ಹೊಗೆಗೂಡು. 2009, 2019ರಲ್ಲಿ ನೀರು ಏರಿದ ಮಟ್ಟವನ್ನು ಊರೂರಿನಲ್ಲಿ ಕಲ್ಲಿನಲ್ಲಿ ಕೊರೆದು ನಿಲ್ಲಿಸಲಿ. ಅದರ ಕೆಳಗೆ ಮಣ್ಣಿನ ಗೋಡೆಗೆ ಪರವಾನಗಿ ಬೇಡ.

ಮೂರನೆಯ ಮಾತು ಗ್ರಾಮ ಪಂಚಾಯಿತಿಗೆ. ಇದಕ್ಕೆ ಹೊಸ ಯೋಜನೆ ಬೇಡ, ಹೆಚ್ಚಿನ ಅನುದಾನವೂ ಬೇಡ. ಓಣಿಗೆ ಕಾಂಕ್ರೀಟು ಹಾಕುವ ಮುನ್ನ ಹಳೆಯದನ್ನು ಅಗೆದು ತೆಗೆಯಿರಿ, ರಸ್ತೆ ಹೊಸ್ತಿಲಿಗಿಂತ ಕೆಳಗಿರಲಿ, ಪಕ್ಕದಲ್ಲಿ ಗಟಾರ ಇರಲಿ. ಬೀಳುವ ಮನೆಗಳಿಗೆ ಪರಿಹಾರದ ಚೆಕ್ಕು ಬರೆಯುವ ಖರ್ಚಿಗಿಂತ ಇದು ಅಗ್ಗ.

ನಾಲ್ಕನೆಯದು ನಮ್ಮನಮ್ಮ ಮನೆಗೆ. ಆರ್‌ಸಿಸಿ ಮನೆ ಕಟ್ಟಿದವರೂ ಮಣ್ಣನ್ನು ಬಿಡಬೇಕಿಲ್ಲ. ಒಳಗೋಡೆಗೆ ಮಣ್ಣಿನ ಗಿಲಾವು ಕೊಡಬಹುದು. ಪಡುವಣ ಗೋಡೆಯನ್ನು ಮಣ್ಣಿನ ಬ್ಲಾಕಿನಲ್ಲಿ ದಪ್ಪಗೆ ಕಟ್ಟಬಹುದು. ಪ್ಲಾಸ್ಟಿಕ್ ಪೇಂಟಿನ ಬದಲು ಸುಣ್ಣ ಬಳಿಯಬಹುದು. ಮಣ್ಣಿನ ಮನೆ ಇನ್ನೂ ಉಳಿಸಿಕೊಂಡವರು ಈ ಮುಂಗಾರಿಗೆ ಮೊದಲು ಮಾಳಿಗೆಯನ್ನೊಮ್ಮೆ ಹತ್ತಿ ಹರನಾಳಿಗೆ ನೋಡಿ, ಗೋಡೆಯ ಬುಡದ ಸಿಮೆಂಟು ಕೆರೆದು ನೋಡಿ.

ಗೌಂಡಿ ಕೆಲಸ ಬಲ್ಲ ಹಿರಿಯರು, ಮಣ್ಣು ತುಳಿದು ಹದ ಹೇಳಬಲ್ಲವರು, ಗೋಡೆ ಸಾರಿಸುವ ಹೆಣ್ಣುಮಕ್ಕಳು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರಿಗೆ ಕೆಲಸ ಕೊಟ್ಟರೆ ವಿದ್ಯೆ ಉಳಿಯುತ್ತದೆ. ಸಂಗ್ರಹಾಲಯದಲ್ಲಿಡಲು ಬಾರದ ವಿದ್ಯೆ ಇದು. ಕೂಲಿ ಸಿಕ್ಕಷ್ಟು ದಿನ ಮಾತ್ರ ಬದುಕಿರುತ್ತದೆ. ಮುಂದಿನ ವರ್ಷದ ಉಪನ್ಯಾಸಕ್ಕೆ ಈ ವೇದಿಕೆಯ ಮೇಲೆ ಅಂಥ ಒಬ್ಬ ಗೌಂಡಿಯನ್ನು ಕೂರಿಸಿ, ನಾವು ಕೆಳಗೆ ಕುಳಿತು ಕೇಳೋಣ ಎಂಬುದು ಸಂಘಟಕರಲ್ಲಿ ನನ್ನ ಬಿನ್ನಹ.